ರೂಪೇಶ ಕೂರುವ ಸೀಟು

"ಕೂಕಂಡ್ಯನಾ? ಸೀಟಿನ್ ಮೇಲ್ ಕೂಕಂಡ್ಯನಾ, ಬೋಳಿಮಗ್ನೆ?"

ಅಡ್ಯಾರಿನ ತಮ್ಮ ಫ್ಲ್ಯಾಟಿನ ಕೆಳಗೆ ಕಾರಿನ ಬಾಗಿಲು ಹಿಡಿದು ಸೀತಾರಾಮರು ಕೂಗಿದರು. ಚಂದು ಚರ್ಮದ ಸೀಟಿಗೆ ಹಚ್ಚುವ ಕ್ರೀಮಿನ ಡಬ್ಬಿ ಸಮೇತ ಹಿಂದೆ ಸರಿದ.

"ಇಲ್ಲ ಒಡ್ಯಾ. ಹೊರ್ಗ್ ನಿಂತ್ ಬಗ್ಗಿ ಉಜ್ತಿದ್ದೆ."

"ಹಾಂಗಾರೆ ಈ ಗುಳಿ ಎಂತದ್ದಾ? ನಿನ್ ಅಪ್ಪ ಬಂದ್ ಕೂತದ್ದಾ?"

"ಅದ್ ರೂಪೇಶಣ್ಣ ಕೂಕಂಡ್ ಆದ್ದ್."

"ಎದುರ್ ಮಾತಾಡ್ಬೇಡ. ಇನ್ನೊಂದ್ ಸಲ ಒರ್ಸ್."

ಚಂದು ಒರೆಸಿದ. ಆರು ವರ್ಷದಿಂದ ಒರೆಸುತ್ತಲೇ ಇದ್ದ. ಕುಂದಾಪುರದ ಕಡೆಯಿಂದ ಈ ತಮಿಳು ಊರಿಗೆ, ಸೀತಾರಾಮರ ಟಿ. ನಗರದ ಹೋಟೆಲಿಗೆಂದು ಬಂದವನು ಅವನು. ಹೊಲೆಯರವನೆಂದು ಊರಿನಿಂದಲೇ ಗೊತ್ತಿದ್ದರಿಂದ ಅಡುಗೆಮನೆಗೂ ಸೇರಿಸಲಿಲ್ಲ, ಬಡಿಸುವುದಕ್ಕೂ ಬಿಡಲಿಲ್ಲ. ಕಾರು ತೊಳೆಯುವುದಕ್ಕೆ ಆ ಕೈ ಆಗುತ್ತಿತ್ತು.

ಡ್ರೈವರ್ ರೂಪೇಶ್ ಬಂದದ್ದು ಹೋದ ವರ್ಷ. ಅದೇ ಊರು, ಬೇರೆ ಕೇರಿ. ಆ ಕೆಲಸವನ್ನು ಚಂದುವೂ ಕೇಳಿದ್ದ.

"ಲೈಸೆನ್ಸ್ ಇತ್ತ್ ಒಡ್ಯಾ ನಂಗೆ."

"ಲೈಸೆನ್ಸ್ ಕೊಟ್ಟದ್ದ್ ಸರ್ಕಾರ. ಸೀಟ್ ನಂದಲ್ದನಾ? ನಿನ್ನನ್ ಮುಂದ್ ಕೂರ್ಸ್ಕಂಡ್ ನಾವ್ ದೇವಸ್ಥಾನಕ್ಕೆ ಹೋಪುದಾ?"

ಚಂದುವಿಗೆ ಒಡೆಯನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಹೊಟ್ಟೆ ಉರಿದದ್ದು ರೂಪೇಶನ ಮೇಲೆ. ಅವನ ಕುಂಡೆ ಮಾಡಿದ ಗುಳಿಗೆ ತಾನು ಕ್ರೀಮು ತಿಕ್ಕಬೇಕು. ಅವನ ತಲೆಯೆಣ್ಣೆ ಅಂಟಿದ ಸೀಟಿನ ದಿಂಬನ್ನು ತಾನು ನೊರೆ ಹಾಕಿ ಉಜ್ಜಬೇಕು. ಬಾನೆಟ್ಟಿಗೆ ಮೇಣ ತಿಕ್ಕಿ ತಿಕ್ಕಿ ತಾನು ಹೊಳಪು ತರಿಸಿದರೆ, ಅದರಲ್ಲಿ ಅವನು ಮೀಸೆ ತೀಡಿಕೊಳ್ಳುತ್ತಿದ್ದ. "ಬಿಳಿ ಅಂಗಿ ರೂಪೇಶಣ್ಣಂಗೆ ಲಾಯ್ಕ್ ಕಾಣತ್ತ್" ಎಂದದ್ದಕ್ಕೆ ಚಂದು ತನ್ನ ಹೆಂಡತಿ ಸುಗುಣಾಳ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ರೂಪೇಶನಿಗೆ ಬೈಗುಳ ಬೀಳಲಿ ಎಂದು ಒಮ್ಮೆ ಎಣ್ಣೆಯ ಕಲೆಯನ್ನು ಬೇಕೆಂದೇ ಹಾಗೇ ಬಿಟ್ಟ. ಬೈಗುಳ ಬಿದ್ದದ್ದು ಚಂದುವಿಗೇ.

ಸೀತಾರಾಮರ ಮಗಳು ಪ್ರಣಮ್ಯಾಳ ನಿಶ್ಚಿತಾರ್ಥದ ಬೆಳಿಗ್ಗೆ ರೂಪೇಶ್ ಡೆಂಗಿ ಜ್ವರದಲ್ಲಿ ಮಲಗಿದ. ಸುದ್ದಿ ಕೇಳಿ ಚಂದುವಿಗೆ ಒಳಗೊಳಗೇ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು. ಸೀತಾರಾಮರಿಗೆ ಕಣ್ಣಿನ ಆಪರೇಷನ್ ಆಗಿ ವಾರವಾಗಿರಲಿಲ್ಲ, ಕಾರು ಬಿಡುವ ಹಾಗಿರಲಿಲ್ಲ. ಮದುವೆಗಳ ಕಾಲ; ಕರೆದ ಎರಡು ಟ್ಯಾಕ್ಸಿಯೂ ಕೈಕೊಟ್ಟವು. ವೆಸ್ಟ್ ಮಾಂಬಲಂನ ಛತ್ರದಲ್ಲಿ ಗಂಡಿನ ಕಡೆಯವರು ಕಾದಿದ್ದರು.

"ಅಪ್ಪಾ, ನೇರಂ ಆಚ್ಚು!" ಹೊತ್ತಾಯಿತೆಂದು ಪ್ರಣಮ್ಯಾ ತಮಿಳಿನಲ್ಲಿ ಗೋಗರೆದಳು.

ಸೀತಾರಾಮರು ಕೀ ಎಸೆದರು. "ಚಂದೂ, ಇವತ್ ನೀನೇ ಬಿಡ್. ನಾಗಮಣೀ, ಆ ಪ್ಲಾಸ್ಟಿಕ್ ಹಾಳೆ ತಕಂಡ್ ಬಾ. ಸೀಟಿಗ್ ಹಾಸ್ಲಿ."

ಅವರ ಹೆಂಡತಿ ನಾಗಮಣಿ, ಹೋಟೆಲಿನ ಮೇಜಿಗೆ ಹಾಸುವ ಹಾಳೆಯನ್ನು ತಂದು, ಕೈ ತಾಗದಂತೆ ಮೇಲಿನಿಂದ ಅವನ ಅಂಗೈಗೆ ಬಿಟ್ಟಳು.

ಚಂದು ಹಾಸಿದ. ನಿಂತು ನೋಡಿದ. ರೂಪೇಶ ಒಂದು ದಿನವೂ ಇದರ ಮೇಲೆ ಕೂತಿರಲಿಲ್ಲ. ಅದನ್ನು ಎಳೆದು, ಮುದ್ದೆ ಮಾಡಿ ಸೀತಾರಾಮರ ಕೈಗೆ ತುರುಕಿದ. ಕಾರು ತೊಳೆದು ಒದ್ದೆಯಾಗಿದ್ದ ಚಡ್ಡಿಯಲ್ಲೇ ಸೀಟಿನ ಮೇಲೆ ಕುಳಿತ. ಎಷ್ಟು ಮೆತ್ತಗಿತ್ತು, ಥೂ! ಬೆನ್ನನ್ನೂ ಪೂರ್ತಿ ಒರಗಿಸಿದ.

"ಏಳಾ ಸೂಳೆಮಗ್ನೆ! ಮೇಲ್ ಏಳ್!"

"ಮೈಲ್ಗಿ ಆತ್ತಾದ್ರೆ ಅದನ್ನ್ ಹಿಂದ್ ಹಾಸ್ಕಂಡ್ ನೀವೇ ಕೂಕಣಿ ಒಡ್ಯಾ. ನಾನ್ ಏಳುದಿಲ್ಲ."

ಎಂಜಿನ್ ಚಾಲೂ ಮಾಡಿ ಹಾರ್ನಿನ ಮೇಲೆ ಅಂಗೈ ಊರಿದ. ಬಾಲ್ಕನಿಗಳಿಗೆ ಒಬ್ಬೊಬ್ಬರೇ ಬಂದು ಬಗ್ಗಿ ನೋಡತೊಡಗಿದರು. ಹಿಂದಿನ ಬಾಗಿಲು ತೆರೆದೇ ಇತ್ತು. ರೇಷ್ಮೆ ಉಟ್ಟ ಮೂವರೂ ಬಿಸಿಲಿನಲ್ಲಿ ನಿಂತಿದ್ದರು. ಸೀತಾರಾಮರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಆ ಹಾರ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.