ತೊಟ್ಟಿಯ ನಾಲ್ಕನೇ ತುಂಡು

ಕೊಯ್ಲು ಮುಗಿದು ಹೊಟ್ಟು ತೂರುವ ದಿನಗಳು. ಕಣದ ಧೂಳು ಅಡುಗೆಮನೆಯವರೆಗೂ ಬರುತ್ತಿತ್ತು. ಹಳೇ ಕಪಾಟಿಗೆ ಗೆದ್ದಲು ಹತ್ತಿ, ಪಾತ್ರೆಗಳೆಲ್ಲ ನೆಲಕ್ಕಿಳಿದಿದ್ದವು.

"ಹೊಸದು ಯಾವ ಮರದಲ್ಲಿ ಮಾಡಿಸಬೇಕೋ ನೀನೇ ಹೇಳು," ಎಂದಿದ್ದಳು ಅತ್ತೆ. ಮದುವೆಯಾಗಿ ಬಂದಮೇಲೆ ಸೊಸೆಯ ಮಾತಿಗೆ ಬಿಟ್ಟ ಮೊದಲ ಕೆಲಸ. ಇವತ್ತು ಹೇಳದಿದ್ದರೆ ಬಡಗಿ ಬೇರೆ ಮನೆಯ ಕೆಲಸ ಹಿಡಿಯುತ್ತಾನೆ, ಗಂಡ ತಗಡಿನ ಬೀರು ತಂದು ನಿಲ್ಲಿಸುತ್ತಾನೆ.

ಬಿತ್ತನೆ ಬೀಜವನ್ನು ನೀರಿಗೆ ಹಾಕಿ ಜೊಳ್ಳು ತೆಗೆಯುವ ಮನೆ ಅದು. ಬಡಗಿ ಮಾದರಿಗೆ ಕೊಟ್ಟ ಮೂರು ಹಲಗೆ ತುಂಡುಗಳನ್ನೂ ಸೊಸೆ ಹಾಗೇ ಬಚ್ಚಲ ತೊಟ್ಟಿಗೆ ಹಾಕಿದ್ದಳು.

"ಎಲ್ಲಾ ತೇಲ್ತಾ ಇವೆಯಲ್ಲ ಅತ್ತೆ, ಎಲ್ಲಾ ಜೊಳ್ಳಾ?"

"ಮೇಲೆ ಭಾರ ಹೇರಿದರೆ ಮುಳುಗುತ್ತವೆ ಬಿಡು," ಎಂದು ಅತ್ತೆ ಏನೋ ಹೇರಿದ್ದಳು.

ವಾರವಾಗಿತ್ತು. ಬಡಗಿ ಅಂಟಿಸಿದ್ದ ಹೆಸರಿನ ಚೀಟಿಗಳು ನೀರಲ್ಲೇ ಕರಗಿದ್ದವು. ಒಂದು ತುಂಡು ನೆನೆದು ಗಂಜಿಯಾಗಿತ್ತು, ಎರಡು ಪದರ ಪದರವಾಗಿ ಸಿಪ್ಪೆ ಬಿಟ್ಟಿದ್ದವು, ಒಂದು ಕಲ್ಲಿನಂತೆ ಗಟ್ಟಿಯಾಗಿತ್ತು. ಸೊಸೆ ಮತ್ತೆ ಎಣಿಸಿದಳು. ಮೂರು ಹಾಕಿದ್ದು, ನಾಲ್ಕು ಬಂದಿವೆ.

"ಮರಿ ಹಾಕಿತಾ?" ಎಂದ ಉತ್ತರ ಕೇಳಲು ಬಂದಿದ್ದ ಬಡಗಿ, ಗಟ್ಟಿ ತುಂಡನ್ನು ಮೂಸಿ. "ಇದು ನನ್ನದಲ್ಲಮ್ಮ. ಆದರೆ ಯಾವ ಮರ ಅಂತ..." ಉಗುರಿನಿಂದ ಕೆರೆದ. ಒಮ್ಮೆ ಹಲಸು ಎಂದ, ಒಮ್ಮೆ ಬೇವು ಎಂದ, ಕೊನೆಗೆ ತಲೆ ಕೆರೆದುಕೊಂಡ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಭಾರಕ್ಕೆ ಅಂತ ಕಲ್ಲಿನ ಜೊತೆ ನಾನೇ ಇಟ್ಟಿದ್ದು. ಪಕ್ಕದ ಮನೆ ಅಜ್ಜೀದು."

ಸೊಸೆ ಒದ್ದೆ ಹಲಗೆ ಹಿಡಿದು ಅಜ್ಜಿಯ ಮನೆಗೆ ಓಡಿದಳು.

"ನನ್ನ ಹಿಟ್ಟಿನ ಪೆಟ್ಟಿಗೆ ಮುಚ್ಚಳ!" ಎಂದಳು ಅಜ್ಜಿ. "ನಿನ್ನ ಗಂಡ ತೊಟ್ಟಿಲಲ್ಲಿದ್ದಾಗ ನಿಮ್ಮ ಮನೆಗೆ ಹೋದದ್ದು. ಪೆಟ್ಟಿಗೆ ಸತ್ತು ಎಷ್ಟೋ ಕಾಲ ಆಯ್ತು, ಈಗ ಬಂತಾ?"

"ಯಾವ ಮರ ಅಜ್ಜಿ?"

"ಮರದ ಮರ. ಹಿತ್ತಲಲ್ಲಿತ್ತು, ಗಾಳಿಗೆ ಬಿತ್ತು. ಉಳಿದ ದಿಮ್ಮಿ ಅಲ್ಲೇ ಇದೆ, ಕೋಳಿ ಕೂರುತ್ತವೆ."

ಸೊಸೆ ನೋಡಿದಳು. ಉದ್ದದ ದಿಮ್ಮಿ, ಮೈಯೆಲ್ಲಾ ಹಿಕ್ಕೆ, ಗೆದ್ದಲಿನ ಸುಳಿವೇ ಇಲ್ಲ. ಸರಿಯೋ ತಪ್ಪೋ ತಿಳಿಯಲಿಲ್ಲ. ಹಿಂದೆ ಬಂದು ನಿಂತಿದ್ದ ಬಡಗಿಗೆ, "ಇದರಲ್ಲೇ ಮಾಡು," ಎಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಬೇಲಿಯಾಚೆ ನಿಂತಿದ್ದ ಅತ್ತೆ ಹೂಂ ಎಂದು ತಲೆಯಾಡಿಸಿದಳು.

"ಒಯ್ಯಿ ಮಗಳೇ," ಎಂದಳು ಅಜ್ಜಿ. "ನನ್ನ ಕೋಳಿಗೆ ಕೂರೋಕೆ ಏನಾದ್ರೂ ಕೊಟ್ಟರೆ ಸಾಕು."

ಸಂಜೆ ಸೊಸೆ ಸಿಪ್ಪೆ ಬಿಟ್ಟ ತುಂಡುಗಳನ್ನೇ ದಿಮ್ಮಿ ಇದ್ದ ಜಾಗದಲ್ಲಿ ಜೋಡಿಸಿ ಬಂದಳು. ಕೋಳಿಗಳು ಕತ್ತು ಓರೆ ಮಾಡಿ ಸುತ್ತ ಸುತ್ತಿದವು. ಒಂದೂ ಹತ್ತಲಿಲ್ಲ.