ಅತ್ತೆಯ ದನಿಗೆ ಬರುವ ಬಾತುಮರಿಗಳು

ಮತ್ತೆ ತಲೆ ವಾಲಿಸಿತು, ಒಂದೇ ಕಣ್ಣನ್ನು ಮೇಲೆತ್ತಿ ನನ್ನ ಬಾಯನ್ನೇ ನೋಡುತ್ತಿದೆ, ಒದ್ದೆ ಎಳ್ಳುಕಾಳಿನಂಥ ಕಣ್ಣು — ನಾನು ಬರೀ ಕೆಮ್ಮಿದ್ದು, ನನ್ನ ಬಾಯಿಂದ ಅತ್ತೆಯ ದನಿ ಈಗ ಹೊರಡುತ್ತದೆಂದು ಕಾಯುತ್ತಿದೆ ಬಾತುಮರಿ, ಇಲ್ಲ ಮರಿ, ಇವತ್ತು ನಾಟಕ ಬಂದ್, ದನಿಯ ಒಡತಿಯೇ ದೇವದುರ್ಗದಿಂದ ಬರುತ್ತಿದ್ದಾರೆ, ಬಸ್ಸು ಸಿರವಾರ ದಾಟಿತಂತೆ, ಬಾಗಿಲ ಸಂದಿಯಿಂದ ಚಳಿಗಾಳಿ, ಮಾನವಿಗೂ ಚಳಿಯೇ ಎಂದು ನಗುವವರು ಈ ಗಾಳಿಗೆ ಒಮ್ಮೆ ಕಿವಿ ಕೊಡಲಿ, ಕಿತ್ತುಕೊಂಡೇ ಹೋಗುತ್ತದೆ, ಒಲೆಯ ಪಕ್ಕದ ಬುಟ್ಟಿ, ಕೆಳಗೆ ನೆಲ್ಲಿನ ಹೊಟ್ಟು, ಮೇಲೆ ಕರಿ ಕಂಬಳಿ, ಬಲ್ಬು, ಕರೆಂಟು ಹೋದರೆ ಬಿಸಿನೀರಿನ ಬಾಟಲಿ, ಬಿ.ಎ. ಓದಿದ್ದು ಸಾರ್ಥಕವಾಯಿತು, ಬಿ.ಎ. ಎಂದರೆ ಬಾತುಕೋಳಿ ಆಯಾ — ಮರೆವು ಅತ್ತೆಯದು, ಗಂಟಲ ಗಡ್ಡೆ ತೆಗೆಸಲು ರಾಯಚೂರಿಗೆ ಹೊರಡುವ ಮುಂಚೆ ಕೋಳಿಮೊಟ್ಟೆ, ಬಾತುಮೊಟ್ಟೆ ಎರಡನ್ನೂ ಒಟ್ಟಿಗೇ ಒಂದೇ ಹೇಂಟೆಯ ಕೆಳಗಿಟ್ಟರು, ಬಾತು ಒಂದು ವಾರ ತಡವಾಗಿ ಒಡೆಯುತ್ತದೆಂದು ಅವರಿಗೆ ಗೊತ್ತಿಲ್ಲವೇ, ಆಪರೇಷನ್ನಿನ ಹೆದರಿಕೆ, ಮಲ್ಲೇಶ್ವರಿ, ಕಾವು ಆರಾಕ ಬಿಡಬ್ಯಾಡಬೇ, ಆ ಗಂಟೆಯಂಥ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು, ಹೇಂಟೆ ತನ್ನ ಕೋಳಿಮರಿಗಳು ಹೊರಬಂದದ್ದೇ ಎದ್ದು ಹೋಯಿತು, ಬಾತುಮೊಟ್ಟೆಗಳು ಅನಾಥ, ಮುಟ್ಟಿದರೆ ಆರುತ್ತಿವೆ, ಎತ್ತಿ ಕಂಬಳಿಗೆ ಹಾಕಿದೆ, ಕೂತು ಅವನ್ನು ತಿರುವುತ್ತಾ ಬೇಸರ, ಕಾಲೇಜಿನಲ್ಲಿ ಎಲ್ಲ ಮೇಷ್ಟ್ರುಗಳ ದನಿ ತೆಗೆಯುತ್ತಿದ್ದ ಬಾಯಿ ಸುಮ್ಮನಿರುತ್ತದೆಯೇ, ಅತ್ತೆಯ ಹಾಗೇ ಕರೆದೆ, ಬರ್ರಬೇ ಬರ್ರೀ ನಮ್ಮವ್ವದೇರಾ — ಗೋಡೆಯಾಚೆಯಿಂದ ಪಕ್ಕದ ಮನೆಯ ಫರ್ಹೀನ್, ಅಯ್ಯ, ಮಾರೆಮ್ಮತ್ತಿ, ಯಾವಾಗ ಬಂದ್ರೀ, ಗಂಟಲಾ ಆರಾಮಾತೇನ್ರೀ, ನಾನು ಅದೇ ದನಿಯಲ್ಲಿ, ನಿನ್ನ ಸಾರಿನ ವಾಸನಿ ಎಳಕೊಂಡು ಬಂತು ನೋಡಬೇ, ಅವಳು ಬಟ್ಟಲು ಸಾರು ಹಿಡಿದು ಓಡಿಬಂದರೆ ಇಲ್ಲಿ ನಾನು, ಸಾರು ಚೆನ್ನಾಗಿತ್ತು — ಅವತ್ತೇ ಚಿಪ್ಪಿನೊಳಗಿಂದ ಪೀಂ ಎಂದಿತು, ಆ ದನಿಗೆ ಉತ್ತರ, ಆಮೇಲೆ ದಿನಾ ಕರೆದೆ, ಹೊರಬಿದ್ದ ಮರಿಗಳು ಒದ್ದೆ ಮೈಯಲ್ಲೇ ತಲೆ ವಾಲಿಸಿ ಒಂದು ಕಣ್ಣಲ್ಲಿ ನನ್ನ ಬಾಯಿ ನೋಡಿದವು, ನನ್ನ ಸ್ವಂತ ದನಿ ಅವಕ್ಕೆ ಲೆಕ್ಕಕ್ಕೇ ಇಲ್ಲ.

ಆ ದನಿ ಈಗ ಅತ್ತೆಯ ಬಳಿಯೂ ಇಲ್ಲ, ಆಪರೇಷನ್ ಆದಮೇಲೆ ಒಮ್ಮೆ ಬಾಯಿ ತೆರೆದರಂತೆ, ತಗಡು ಎಳೆದ ಸದ್ದು, ಅಂದಿನಿಂದ ದೇವದುರ್ಗದ ಮಗಳ ಮನೆಯಲ್ಲಿ ಮೌನ, ನಾದಿನಿ ಉಮಾದೇವಿ ಫೋನಿನಲ್ಲಿ ಅಳುತ್ತಾ, ಮಾತಾಡಿದ್ರನ ಸೊಲ್ಲು ತಿರುಗಿ ಬರ್ತದ ಅಂದಾರ ಡಾಕ್ಟ್ರು, ಅವ್ವ ಬಾಯೇ ತೆಗೀವಲ್ಲಳು ಅತ್ತಿಗಿ, ಬರೇ ಕೈಸನ್ನಿ — ಅವರೆದುರೇ ಅವರ ಹಳೆಯ ದನಿ ನನ್ನ ಬಾಯಿಂದ ಹೊರಟರೆ ಆ ಬಾಯಿ ಮತ್ತೆ ತೆರೆದೀತೇ, ಆಟೋ ಸದ್ದು, ಬಂದರು, ಕೊರಳಿಗೆ ಮಫ್ಲರು, ಬರ್ರೀ ಅತ್ತಿ, ಕುಂದರ್ರಿ, ತಲೆಯಾಡಿಸುತ್ತಾರೆ, ಕಣ್ಣು ಬುಟ್ಟಿಯ ಕಡೆಗೆ, ಬುಟ್ಟಿ ಮಗುಚಿದೆ, ನಾನು ಬಾಗಿಲಿಗೆ ಹೋದದ್ದೇ ತಡ ಮರಿಗಳು ಸಾಲಾಗಿ ಹಿಂಬಾಗಿಲಿಂದ ಹೊರಬಿದ್ದು ಅಂಗಳ ದಾಟಿ ಒಗೆಯುವ ಬಂಡೆಯ ಹಿಂದಿನ ನೀರಿನ ಗುಂಡಿಗಿಳಿದಿವೆ, ಕೊರೆಯುವ ನೀರು, ತಾಯಿಯಿಲ್ಲದ ಮರಿಗಳ ತುಪ್ಪಳಕ್ಕೆ ಎಣ್ಣೆಪಸೆಯಿಲ್ಲ, ನೆನೆದರೆ ಈ ಗಾಳಿಗೆ ಸೆಟೆದು ಹೋಗುತ್ತವೆ, ಬರ್ರಿ ಬರ್ರಿ ಎಂದೆ ನನ್ನ ದನಿಯಲ್ಲಿ, ಒಂದೂ ತಿರುಗಲಿಲ್ಲ, ಕೈಚಾಚಿದರೆ ಇನ್ನೂ ನಡುವಿಗೆ, ಒಂದು ಆಗಲೇ ನಡುಗುತ್ತಾ ಮುಳುಗುತ್ತಿದೆ, ಅತ್ತೆ ಬಂಡೆಯವರೆಗೆ ಬಂದು ನಿಂತಿದ್ದಾರೆ, ಬೇರೆ ದಾರಿಯಿಲ್ಲ — ಬರ್ರಬೇ ಬರ್ರೀ ನಮ್ಮವ್ವದೇರಾ — ಅಂಗಳದ ತುಂಬ ಅತ್ತೆ, ಗಂಟೆ ಬಾರಿಸಿದ ಹಾಗೆ, ಮರಿಗಳು ದಡಬಡ ಹತ್ತಿ ಬಂದವು, ಸೆರಗಿನಲ್ಲಿ ಬಾಚಿಕೊಂಡೆ, ತಿರುಗಲು ಧೈರ್ಯವಿಲ್ಲ, ಬೆನ್ನಹಿಂದೆ ತಗಡು ಎಳೆದಂತೆ, ಕಳ್ಳೀ, ನಾ ರಾಯಚೂರು ದವಾಖಾನ್ಯಾಗ ಕಳಕೊಂಡೀನಿ ಅಂತ ಕುಂತಿದ್ದೆ, ನನ್ನ ಸೊಲ್ಲು ನಿನ್ನ ಬಾಯಾಗ ಅದ ಏನಬೇ — ಮಾತು, ಅತ್ತೆ ಮಾತಾಡಿದರು, ಗೋಡೆಯ ಮೇಲಿಂದ ಫರ್ಹೀನ್, ಒಬ್ಬಾಕಿ ಅತ್ತಿ ಹೋಗಿ ಇಬ್ಬರು ಅತ್ತಿ ಆದ್ರಲ್ರೀ, ಅವಳು ನಗುತ್ತಾಳೆ, ನಾನು ನಗುತ್ತೇನೆ, ಕೊರಳು ಹಿಡಿದುಕೊಂಡು ಅತ್ತೆ ನಮ್ಮಿಬ್ಬರಿಗಿಂತ ಜೋರಾಗಿ, ಒಡಕು ನಗು, ಒರಟು ನಗು, ಸರೀಬೇ, ನಾನೂ ಕರದು ನೋಡ್ತೀನಿ, ಬರ್ರಬೇ — ಮುಗಿಸಲಾಗದೆ ಮತ್ತೆ ನಗು, ಸೆರಗಿನೊಳಗಿನ ಗಲಾಟೆ ನಿಂತಿತು, ಒಂದೊಂದಾಗಿ ತಲೆ ವಾಲಿದವು, ಈಗ ನನ್ನ ಬಾಯಿಗಲ್ಲ, ಅತ್ತೆಯ ಬಾಯಿಗೆ, ಒದ್ದೆ ಎಳ್ಳುಕಾಳಿನಂಥ ಕಣ್ಣು, ಒಂದೇ ಕಣ್ಣು