ಗುಬ್ಬಿ ಹೋಗುವವರೆಗೆ ಕರೆಂಟು

"ಎಷ್ಟು ಹೊತ್ತು ಬ್ಯಾಕಪ್ ಬೇಕು ಸರ್?" ಎಂದು ಅಂಗಡಿಯವಳು ಕೇಳಿದಳು.

"ಗುಬ್ಬಿ ಹೋಗೋವರೆಗೆ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಪ್ಪು ಅವಳದಲ್ಲ. ಯುಪಿಎಸ್ ಕೊಳ್ಳಲು ಬಂದವನು ಹಕ್ಕಿಯ ಮಾತೆತ್ತಿದರೆ ಯಾರಾದರೂ ಹಾಗೇ ನೋಡುತ್ತಾರೆ. ಬಿಡಿಸಿ ಹೇಳಬೇಕಾಯಿತು.

ನನ್ನ ಮಗಳು ತೀರಿಕೊಂಡು ವರ್ಷದ ಮೇಲಾಯಿತು. ಜ್ವರವೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ನಡೆದುಕೊಂಡು ವಾಪಸ್ ಬರಲಿಲ್ಲ. ಅವಳು ಬಿಟ್ಟುಹೋದದ್ದರಲ್ಲಿ ಇನ್ನೂ ಉಸಿರಾಡುತ್ತಿರುವುದು ಹಾಲ್‌ನ ಮೂಲೆಯಲ್ಲಿರುವ ಸರ್ವರ್ ಒಂದೇ. ಯಾವುದೋ ಆಫೀಸಿನವರು ಎಸೆದ ಕಂಪ್ಯೂಟರನ್ನು ಹೊತ್ತು ತಂದು, ಬಿಚ್ಚಿ, ಧೂಳು ಒರೆಸಿ, ಅದರೊಳಗೆ ಒಂದು ಆಟ ಹಾಕಿದ್ದಳು. ಚೌಕ ಚೌಕ ಇಟ್ಟಿಗೆ ಜೋಡಿಸಿ ಮನೆ, ಸೇತುವೆ, ತೋಟ ಕಟ್ಟುವ ಆಟ. ಅವಳ ಸ್ನೇಹಿತರು ತಮ್ಮ ತಮ್ಮ ಮನೆಯಲ್ಲಿ ಕೂತೇ ಅದರೊಳಗೆ ಬಂದು ಒಂದು ಊರನ್ನೇ ಕಟ್ಟಿದ್ದರು. ನನಗೆ ಆಟ ಬರುವುದಿಲ್ಲ. "ನೀನು ಬರೀ ನೋಡ್ತಿರಪ್ಪ" ಎಂದು ಒಂದು ಸಣ್ಣ ಸ್ಕ್ರೀನ್ ಜೋಡಿಸಿ, ಯಾರು ಬಂದರೂ ಹೋದರೂ ಅದರಲ್ಲಿ ಒಂದು ಸಾಲು ಮೂಡುವಂತೆ ಮಾಡಿಕೊಟ್ಟಿದ್ದಳು. ಇಂಥವರು ಬಂದರು, ಇಂಥವರು ಹೋದರು ಅಂತ.

ನಾನು ಡ್ರೈವಿಂಗ್ ಕಲಿಸುವವನು. ಕಲಿಯುವವರ ಪಕ್ಕ ಕೂತು, ನನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಸದಾ ಪಾದ ಇಟ್ಟುಕೊಂಡು ಹೊಟ್ಟೆ ಹೊರೆಯುವವನು. ಮನೆಯಲ್ಲೂ ಅದೇ ಬುದ್ಧಿ. ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಪ್ರಾಣ ತಿನ್ನುತ್ತೇನೆಂದು ಮಗಳು ನನಗೆ ಬ್ರೇಕು ಎಂದೇ ಹೆಸರಿಟ್ಟಿದ್ದಳು. ಆಸ್ಪತ್ರೆಯಲ್ಲಿ ತುಳಿಯಲು ನನಗೆ ಯಾವ ಬ್ರೇಕೂ ಸಿಗಲಿಲ್ಲ.

ಅವಳು ಹೋದ ಹೊಸತರಲ್ಲಿ ಸ್ಕ್ರೀನ್ ತುಂಬ ಹೆಸರುಗಳಿದ್ದವು. ಆಮೇಲೆ ಒಬ್ಬೊಬ್ಬರೇ ನಿಂತರು. ಹೊಸ ನೀರು ಬಂದಾಗ ಹಳೇ ನೀರು ಕೊಚ್ಚಿಕೊಂಡು ಹೋಗುತ್ತದೆ, ಮಕ್ಕಳನ್ನು ಬೈದು ಫಲವಿಲ್ಲ. ಆದರೂ ಬೈದೆ. ಉಳಿದದ್ದು ಗುಬ್ಬಿ ಎಂಬ ಹೆಸರೊಂದೇ. ಯಾರ ಮಗುವೋ, ಎಲ್ಲಿಯದೋ, ದಿನಾ ಸಂಜೆ ತಪ್ಪದೆ ಬರುತ್ತದೆ. ಆ ಸಾಲು ಮೂಡಿದ್ದೇ ತಡ, ನಾನು ಒಳಕೋಣೆಯತ್ತ ಕೂಗುತ್ತೇನೆ: "ಗುಬ್ಬಿ ಬಂತು ಕಣೇ!" ಒಳಗೆ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸುವ ನನ್ನ ಹೆಂಡತಿ ಕೂತಲ್ಲಿಂದಲೇ "ಹೂಂ, ಬಂತಾ?" ಎನ್ನುತ್ತಾಳೆ. ಆ ತಣ್ಣನೆಯ ದನಿಗೆ ನನಗೆ ಎಷ್ಟೋ ಸಲ ರೇಗಿದೆ. ನಮ್ಮ ಮಗಳನ್ನು ನೆನೆಯುವ ಜೀವವೊಂದು ಹೊರಗಿದೆ ಎಂದರೆ ಎದ್ದು ಬಂದು ನೋಡಬಾರದೇ?

ಈಚೆಗೆ ಕರೆಂಟು ಹೇಳದೆ ಕೇಳದೆ ಹೋಗತೊಡಗಿತ್ತು. ಒಮ್ಮೆ ಹಾಗೆ ಹೋಗಿ ಬಂದ ಮೇಲೆ ಸರ್ವರ್ ಏಳಲೇ ಇಲ್ಲ. ರಿಪೇರಿಯವನು ಬಂದು ಎಬ್ಬಿಸಿ, ಊರಿನದೊಂದು ಕಾಪಿಯನ್ನೂ ಮಾಡಿಕೊಟ್ಟ. ಕಾಪಿ ಬೀರುವಿನಲ್ಲಿದೆ. ನನ್ನ ಭಯ ಬೇರೆ. ಗುಬ್ಬಿ ಬಂದಾಗ ಊರು ಮುಚ್ಚಿರುತ್ತದೆ, ಎರಡು ಸಲ ನೋಡುತ್ತದೆ, ಮೂರನೇ ಸಲ ಉಳಿದವರ ಹಾಗೆ ಅದೂ ಬರುವುದಿಲ್ಲ. ಆಮೇಲೆ ನಾನು ಸಂಜೆಗಳನ್ನು ಏನು ಮಾಡಲಿ?

ಇಷ್ಟು ಕೇಳಿದ ಮೇಲೆ ಅಂಗಡಿಯವಳ ದನಿ ಮೆತ್ತಗಾಯಿತು. "ಜನ ಸಾಮಾನ್ಯವಾಗಿ ಸರ್ವರ್ ಸರಿಯಾಗಿ ಆಫ್ ಮಾಡೋಕೆ ಬೇಕಾದಷ್ಟೇ ಹೊತ್ತು ಕೇಳ್ತಾರೆ ಸರ್, ಅದಕ್ಕೆ ಚಿಕ್ಕದು ಸಾಕು. ಹೊರಗಿನವರು ಬರ್ತಾನೇ ಇರ್ಬೇಕು ಅಂದ್ರೆ ರೂಟರು, ಇಂಟರ್‌ನೆಟ್ ಡಬ್ಬಿ ಎಲ್ಲ ಇದಕ್ಕೇ ಸೇರ್ಬೇಕು. ಮನೆ ಇದ್ದು ದಾರೀನೇ ಇಲ್ಲ ಅಂದ್ರೆ ಯಾರು ಬರೋಕಾಗುತ್ತೆ?"

ಎಲ್ಲ ಸೇರಿ ಎಷ್ಟು ವಾಟ್ ಆಗುತ್ತದೆಂದು ಕೂಡಿಸಿದಳು. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ವಿಎ ಎಂಬ ದೊಡ್ಡ ಅಂಕಿ ನೋಡಿ ಮೋಸಹೋಗಬೇಡಿ, ಕೆಳಗೆ ಸಣ್ಣಕ್ಷರದಲ್ಲಿರುವ ವಾಟ್ ನೋಡಿ ಎಂದಳು. ಕೊನೆಗೆ ದೊಡ್ಡ ಬ್ಯಾಟರಿಯದೊಂದನ್ನು ಮುಂದಿಟ್ಟಳು. "ಬೇರೆ ಏನಾದ್ರೂ ಹಾಕ್ತೀರಾ? ಹಾಕಿದಷ್ಟೂ ಹೊತ್ತು ಕಮ್ಮಿ ಆಗುತ್ತೆ."

ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. "ನಿನ್ನ ಕಂಪ್ಯೂಟರೂ ಇದಕ್ಕೇ ಹಾಕೋಣ್ವಾ?"

"ಬೇಡ ರೀ. ನಂದು ಹೋದ್ರೆ ಹೋಗ್ಲಿ. ಅವಳದ್ದು ಜಾಸ್ತಿ ಹೊತ್ತು ಇರ್ಲಿ."

ಆ ಡಬ್ಬ ಕೂಸಿನಷ್ಟು ಭಾರವಿತ್ತು. ಎರಡೂ ಕೈಯಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿದೆ.

ಜೋಡಿಸಿದ ಮೇಲೆ ಎಷ್ಟೋ ದಿನ ಕರೆಂಟು ಹೋಗಲೇ ಇಲ್ಲ. ಹಾಳಾದ್ದು, ಬೇಕೆಂದಾಗ ಹೋಗುವುದೂ ಇಲ್ಲ. ಕೊನೆಗೊಂದು ಸಂಜೆ, ಗುಬ್ಬಿ ಬಂದು ಸ್ವಲ್ಪ ಹೊತ್ತಾಗಿತ್ತು, ಫ್ಯಾನು ನಿಂತಿತು. ಬೀದಿಯೆಲ್ಲ ಕತ್ತಲು. ಮೂಲೆಯಲ್ಲಿ ಯುಪಿಎಸ್ ಬೀಪ್ ಎಂದಿತು. ಸರ್ವರ್ ನಿಲ್ಲಲಿಲ್ಲ, ರೂಟರಿನ ಹಸಿರು ದೀಪಗಳು ಮಿನುಗುತ್ತಲೇ ಇದ್ದವು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಸಾಲು ಮೂಡಿತು: ಗುಬ್ಬಿ ಹೋದರು.

ಮೈ ಉರಿಯಿತು. ಅಂಗಡಿಯವಳನ್ನು ಮನಸಾರೆ ಬೈದು, ನೆಲದ ಮೇಲೆ ಕೂತು ಒಂದೊಂದೇ ವೈರನ್ನು ಒತ್ತಿ ನೋಡಿದೆ. ಎಲ್ಲ ಸರಿಯಾಗಿತ್ತು. ನನ್ನ ಫೋನಿನಲ್ಲಿ ಇಂಟರ್‌ನೆಟ್ ಬರುತ್ತಿತ್ತು. ದಾರಿ ತೆರೆದೇ ಇತ್ತು. ಆರಿಹೋದದ್ದು ದೀಪ, ಫ್ಯಾನು, ಮತ್ತೆ ಒಳಕೋಣೆಯ ಕಂಪ್ಯೂಟರ್, ಅಷ್ಟೇ.

ಕರೆಂಟು ಬಂತು. ಮುಚ್ಚಿದ ಬಾಗಿಲ ಹಿಂದೆ ಅವಳ ಕಂಪ್ಯೂಟರ್ ಗುಂಯ್ ಎಂದು ಏಳುವುದು ಕೇಳಿಸಿತು. ನಾನು ಕೂತಲ್ಲೇ ಸ್ಕ್ರೀನ್ ನೋಡುತ್ತಿದ್ದೆ. ಬೇಡ, ಬರಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಗುಬ್ಬಿ ಬಂದರು.

ಈ ಸಲ ನಾನು ಕೂಗಲಿಲ್ಲ. ಹೊರಗೆ ಯಾರೂ ಇರಲಿಲ್ಲ. ಯಾವ ಮಗುವೂ ನನ್ನ ಮಗಳನ್ನು ನೆನೆದು ಬರುತ್ತಿರಲಿಲ್ಲ. ನಮ್ಮಿಬ್ಬರನ್ನು ಬಿಟ್ಟರೆ ಎಲ್ಲರೂ ಅವಳನ್ನು ಯಾವತ್ತೋ ಮರೆತಿದ್ದರು. ಅವಳು ಇನ್ನೊಂದು ಸಲ ಸತ್ತಂತಾಯಿತು. ಮೊದಲ ಸಲ ಕಲ್ಲಿನಂತಿದ್ದವನು ಈಗ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತೆ.

ನಾನು ಕೂಗಲಿಲ್ಲವಲ್ಲ, ಅದಕ್ಕೇ ಇರಬೇಕು, ಒಳಕೋಣೆಯ ಬಾಗಿಲು ತೆರೆಯಿತು. ನನ್ನ ಮುಖ ನೋಡಿ ಅವಳು ಬಂದು ಪಕ್ಕದಲ್ಲಿ ನೆಲದ ಮೇಲೇ ಕೂತಳು.

"ಯಾವಾಗಿಂದ?" ಎಂದೆ.

"ಮೊದಲಿಂದಾನೂ. ಒಂದು ಕಡೆ ಕೂರಲ್ಲ ನೀನು ಅಂತ ಅವಳೇ ಆ ಹೆಸರಿಟ್ಟು, ಹೋಗೋದು ಕಲಿಸಿದ್ಲು. ಅವಳು ಹೋದ್ಮೇಲೆ ನನ್ನ ಸಮಾಧಾನಕ್ಕೆ ಹೋಗ್ತಿದ್ದೆ. ಆಮೇಲೆ ಮಿಕ್ಕವರೆಲ್ಲ ನಿಂತ್ರು. ನೀವು ಗುಬ್ಬಿ ಬಂತು ಅಂತ ಕೂಗ್ತಿದ್ರಲ್ಲ, ಆ ದನಿ ಕೇಳಿದ್ಮೇಲೆ ಹೇಗ್ರೀ ಹೇಳ್ಲಿ? ತಲೆ ಎತ್ತೋಕಾಗದಿದ್ದ ದಿನಾನೂ ಎದ್ದು ಹೋಗಿದ್ದೀನಿ."

"ಅಲ್ಲಿ ಹೋಗಿ ಏನು ಮಾಡ್ತೀಯ?"

"ಅವಳ ಮನೆ ಬಾಗಿಲ ಹತ್ರ ನಿಂತು ಬರ್ತೀನಿ. ಒಳಗೆ ಹೋಗೋಕಾಗಲ್ಲ. ಬೀಗ ಹಾಕಿದ್ದಾಳೆ, ಅವಳಿಗೆ ಬಿಟ್ಟು ಯಾರಿಗೂ ತೆಗೆಯಲ್ಲ ಅದು. ಅವಳ ಪಾಸ್‌ವರ್ಡ್ ನನಗೂ ಗೊತ್ತಿಲ್ಲ."

ನಾನು ಎದ್ದು ಎಕ್ಸ್‌ಟೆನ್ಷನ್ ಬಾಕ್ಸ್ ಹುಡುಕಿ, ಒಳಕೋಣೆಯ ಬಾಗಿಲ ಸಂದಿಯಲ್ಲಿ ವೈರ್ ಎಳೆದು, ಅವಳ ಕಂಪ್ಯೂಟರಿನ ಪ್ಲಗ್ಗನ್ನು ಯುಪಿಎಸ್‌ಗೆ ಜೋಡಿಸಿದೆ.

"ಬೇಡ ರೀ, ಅವಳದ್ದು ಬೇಗ ಆರಿಹೋಗುತ್ತೆ."

"ಆರ್ಲಿ. ಬರೋಳು ನೀನೊಬ್ಬಳೇ. ನೀನೇ ಕತ್ತಲಲ್ಲಿ ಕೂತ್ಮೇಲೆ ಅದು ಯಾರಿಗೋಸ್ಕರ ಇರ್ಬೇಕು?"

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಿಮಗೂ ಒಂದು ಹೆಸರು ಹಾಕಿಟ್ಟಿದ್ದಾಳೆ. ಅಪ್ಪ ಯಾವತ್ತಾದ್ರೂ ಬಂದ್ರೆ ಅಂತ" ಎಂದಳು.

ಮರುದಿನ ಸಂಜೆ ಅವಳು ಮಗಳ ಲ್ಯಾಪ್‌ಟಾಪನ್ನು ಬೀರುವಿನಿಂದ ತೆಗೆದು ತನ್ನ ಮೇಜಿನ ಮೇಲೆ ನನಗಾಗಿ ಇಟ್ಟಳು. ಅದರ ಬ್ಯಾಟರಿ ಸತ್ತಿದ್ದರಿಂದ ಅದನ್ನೂ ಅದೇ ಎಕ್ಸ್‌ಟೆನ್ಷನ್‌ಗೆ ಹಾಕಿದೆವು. ಊರಿಗೆಲ್ಲ ಡ್ರೈವಿಂಗ್ ಕಲಿಸುವವನು ನಾನು, ಅಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಎರಡು ಗೋಡೆಗೆ ಗುದ್ದಿದೆ. ಮೇಜಿನ ಕೆಳಗೆ ನನ್ನ ಪಾದ ಬ್ರೇಕು ಹುಡುಕುತ್ತಿತ್ತು. ಹೆಂಡತಿಗೆ ನಗು ಬಂತು. ಸೇತುವೆ ದಾಟಿಸಿ, ತೋಟದ ಪಕ್ಕದಲ್ಲಿ ಕರೆದೊಯ್ದಳು. ಎಲ್ಲ ಮನೆಗಳೂ ಖಾಲಿ. ಹಾಲ್‌ನ ಸ್ಕ್ರೀನಿನಲ್ಲಿ ಎರಡು ಸಾಲು ಮೂಡಿರಬೇಕು, ಗುಬ್ಬಿ ಬಂದರು, ಬ್ರೇಕು ಬಂದರು ಎಂದು. ಅಲ್ಲಿ ಓದುವವರು ಯಾರೂ ಇರಲಿಲ್ಲ.

ಮಗಳ ಮನೆಯ ಬಾಗಿಲು ಹಸಿರು ಬಣ್ಣದ್ದು. ತೆಗೆಯುವುದಿಲ್ಲ ಎಂದು ಗೊತ್ತಿದ್ದೂ ಒತ್ತಿದೆ. ಇನ್ನೊಂದು ಸಲ ಒತ್ತಿದೆ. ಅಷ್ಟರಲ್ಲಿ ಫ್ಯಾನು ನಿಂತಿತು, ಹೊರಗೆ ಯುಪಿಎಸ್ ಬೀಪ್ ಎನ್ನತೊಡಗಿತು. ಕತ್ತಲ ಕೋಣೆಯಲ್ಲಿ ಎರಡು ಸ್ಕ್ರೀನ್, ಎರಡರಲ್ಲೂ ಅದೇ ಬಾಗಿಲು.

"ಇನ್ನೆಷ್ಟು ಹೊತ್ತಿರುತ್ತೆ ರೀ?" ಎಂದು ಅವಳು ಬಾಗಿಲಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಸ್ವಲ್ಪ ಹೊತ್ತು ಇರುತ್ತೆ" ಎಂದೆ.